ಹಿತ್ತಲ ನಿಂಬೆಗಿಡದ ಹಳದಿ

ಹಿತ್ತಲಿನ ನಿಂಬೆಗಿಡದ ಬುಡ ಕೆದಕಬೇಡವೆಂದು ಅತ್ತೆ ಬೈರಮ್ಮ ಹೇಳಿದಾಗ ಗಂಗರತ್ನ ನಕ್ಕುಬಿಟ್ಟಳು.

"ಎಲೆ ಅಳದಿಯಾದ್ರೆ ಆಗ್ಲಿ ಬಿಡಮ್ಮ. ಒಣಗಿದ್ರೆ ಇನ್ನೊಂದು ನೆಡ್ತೀನಿ. ನೀನು ಮಾತ್ರ ಅಗೀಬ್ಯಾಡ."

ಯಾಕೆಂದು ಕೇಳಿದರೆ, ಬಾಯಿಬಿಟ್ಟು ಹೇಳುವ ಹಾಗಿಲ್ಲ ಎಂದು ಬೈರಮ್ಮ ಒಳಗೆ ಹೋದರು.

ಗಂಗರತ್ನ ಚಾಮರಾಜಪೇಟೆಯಲ್ಲಿ ಬೆಳೆದವಳು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು. ಚೀನಾ ಯುದ್ಧದ ಮರುವರ್ಷ ಆಂಜಿನಪ್ಪನ ಕೈಹಿಡಿದು ಅಬ್ಬಿಗೆರೆಗೆ ಬಂದಿದ್ದಳು. ಗಂಡ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ಬೆಳಿಗ್ಗೆ ಸೈಕಲ್ಲೇರಿದರೆ ಮನೆ ಸೇರುವುದು ಸಂಜೆಗೆ. ಉಳಿದ ಹೊತ್ತೆಲ್ಲ ಅವಳ ಕಣ್ಣು ಎದೆಮಟ್ಟದ ಆ ಎಳೆಗಿಡದ ಮೇಲೆ.

ಗೊಬ್ಬರ ಸಾಲದಿದ್ದರೆ ಮೊದಲು ಹಳೆಯ ಎಲೆ ಬಿಳಚಿಕೊಳ್ಳಬೇಕು. ಕಬ್ಬಿಣದಂಶ ಸಾಲದಿದ್ದರೆ ಚಿಗುರು ಹಳದಿಯಾಗಿ, ನರಗಳು ಹಸಿರಾಗಿಯೇ ಉಳಿಯಬೇಕು. ಇಲ್ಲಿ ಎಲ್ಲ ತಿರುವುಮುರುವು. ನರಗಳೇ ಮೊದಲು ಹಳದಿಗಟ್ಟಿ, ಅಲ್ಲಿಂದ ಅದು ಎಲೆಯ ಅಂಚಿನವರೆಗೆ ಇಳಿಯುತ್ತಿತ್ತು. ಎಲೆಯ ಬೆನ್ನಿನಲ್ಲಿ ಹುಳವಿಲ್ಲ. ಕೆಮ್ಮಣ್ಣಿನಲ್ಲಿ ನೀರು ನಿಂತಿಲ್ಲ. ಕಬ್ಬಿಣದ ಉಪ್ಪಾದ ಅನ್ನಭೇದಿ ತರಿಸಿ, ನೀರಿನಲ್ಲಿ ಕದಡಿ ಹುಯ್ದರೂ ಗುಣ ಕಾಣಲಿಲ್ಲ. ಎಲೆಯೊಂದನ್ನು ಹಿಸುಕಿ ಮೂಸಿದಳು. ನಿಂಬೆಯ ವಾಸನೆಯೇ ಇರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಬಹುದಿನ ಮಲಗಿದ ರೋಗಿಯ ಮೈವಾಸನೆ ಬಂತು. ಇನ್ನು ಬೇರು ನೋಡದೆ ಗತಿಯಿಲ್ಲ ಎಂದುಕೊಂಡಳು.

ಬೈರಮ್ಮ ನೆಂಟರ ಊರಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವಳು ಗುದ್ದಲಿ ಹಿಡಿದಳು. ಮೋಡ ಕವಿದು ಹಿತ್ತಲು ಕತ್ತಲಾಗಿತ್ತು. ಕಾಗೆಗಳೂ ಸದ್ದಡಗಿಸಿದ್ದವು. ಬೇರುಗಳೆಲ್ಲ ಒಂದೇ ದಿಕ್ಕಿಗೆ ಚಾಚಿ, ಬಾಯಿಗೆ ಕರಿಬಟ್ಟೆ ಕಟ್ಟಿದ ಮಣ್ಣಿನ ಕುಡಿಕೆಯೊಂದನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ಎಳೆದಳು. ಬೇರು ಲಟಲಟ ಮುರಿದು ಕುಡಿಕೆ ಒಡೆಯಿತು. ಒಳಗೆ ಕೂದಲು ಸುತ್ತಿದ ಬಟ್ಟೆಯ ಗೊಂಬೆ. ಹೊಟ್ಟೆಗೆ ಮೊಳೆ. ಹಳಸಿದ ಅರಿಸಿನದ ನಾತ. ಅವಳ ಬೆರಳ ತುದಿ ಜುಮ್ಮೆಂದಿತು. ಹಳ್ಳಿಯವರ ಮೌಢ್ಯವೆಂದು ಮನಸ್ಸಿನಲ್ಲೇ ನಕ್ಕು, ಗೊಂಬೆಯನ್ನು ತಿಪ್ಪೆಗೆಸೆದಳು.

ವಾರದೊಳಗೆ ಗಿಡ ಹಸಿರಾಯಿತು. ಬೇರಿಗೆ ಗಾಳಿಯಾಡಿದ್ದರಿಂದ ಹೀಗಾಯಿತೆಂದು ಗಂಡನಿಗೆ ಹೆಮ್ಮೆಯಿಂದ ಹೇಳಲು ಹೋದಳು. ಆಂಜಿನಪ್ಪ ತಲೆಯೆತ್ತಲಿಲ್ಲ. ಅವನ ಮುಂಗೈಯ ನರಗಳು ಹಳದಿಯಾಗಿದ್ದವು. ಅಲ್ಲಿಂದ ಅದು ಚರ್ಮಕ್ಕೆ ಇಳಿಯುತ್ತಿತ್ತು.

ಡಾಕ್ಟರು ಕಾಮಾಲೆ ಎಂದರು. ಔಷಧಿ ನಾಟಲಿಲ್ಲ. ಅವನು ಅನ್ನ ಬಿಟ್ಟ, ಆಮೇಲೆ ಮಾತು ಬಿಟ್ಟ.

ಊರಿಂದ ಬಂದ ಬೈರಮ್ಮ ಬಯ್ಯಲಿಲ್ಲ. ಮಗನ ಪಕ್ಕ ಕುಳಿತು, ಬೇರೆ ಯಾರದೋ ಮನೆಯ ವಿಷಯವೆಂಬಂತೆ ಹೇಳಿದರು. ಜಮೀನಿನ ಜಗಳದಲ್ಲಿ ಆಂಜಿನಪ್ಪನ ದೊಡ್ಡಪ್ಪ ಆಗಿನ್ನೂ ಹುಡುಗನಾಗಿದ್ದ ಅವನ ಮೇಲೆ ಮಾಟ ಮಾಡಿಸಿ, ಅದನ್ನು ತೆಗೆಸದೆಯೇ ಸತ್ತಿದ್ದ. ಪುಟ್ಟೇನಹಳ್ಳಿಯ ಮಂತ್ರವಾದಿ ಚಿಕ್ಕಮಾರಯ್ಯನಿಂದಲೂ ಅದನ್ನು ಬಿಡಿಸಲಾಗಲಿಲ್ಲ. ಗೊಂಬೆಯನ್ನು ಬುಡದಲ್ಲಿ ಹೂತು ಗಿಡಕ್ಕೆ ದಾಟಿಸಲಷ್ಟೇ ಆಯಿತು. ಗಿಡ ಒಣಗಿದಂತೆಲ್ಲ ಬೈರಮ್ಮ ಅದೇ ಜಾಗದಲ್ಲಿ ಇನ್ನೊಂದು ನೆಡುತ್ತ ಬಂದಿದ್ದರು.

ಚಿಕ್ಕಮಾರಯ್ಯ ಮುಸ್ಸಂಜೆಗೆ ಬಂದ. ಗಂಗರತ್ನಳ ಮುಖ ನೋಡಲಿಲ್ಲ.

"ಕಿತ್ತ ಕೈಯೇ ಊಳ್ಬೇಕು ಕಣವ್ವ. ಆಮ್ಯಾಕೆ ಆ ಕೈ ಮೊದಲಿನಂಗೆ ಇರಾಕಿಲ್ಲ."

"ಅವರು ಬದುಕ್ತಾರಾ?"

"ಬದುಕ್ತಾನೆ."

ಅವಳು ಎದ್ದಳು. ದೀಪ ಹಚ್ಚುವಂತಿರಲಿಲ್ಲ. ತಿಪ್ಪೆಯಲ್ಲಿ ಕೈಯಾಡಿಸಿದಳು. ಗೊಂಬೆ ಸಿಕ್ಕಿತು. ಬೆಚ್ಚಗಿತ್ತು. ಅಂಗೈಯಲ್ಲಿ ಮಿಡಿಯಿತು. ಒಳಗೆ ಗಂಡನ ನರಳಾಟ. ಗಿಡದ ಬುಡದ ಗುಂಡಿಗಿಟ್ಟಳು. ಮಣ್ಣೆಳೆದಳು. ಮಣ್ಣೊಳಗೆ ಬೇರು ಕದಲಿತು. ಬೆರಳಿಗೆ ಸುತ್ತಿತು. ಮತ್ತೊಂದು ಬೆರಳಿಗೆ. ಬಿಗಿಯಿತು. ತಣ್ಣನೆಯದೇನೋ ಉಗುರಿನೊಳಗೆ ನುಗ್ಗಿತು. ಮೇಲೇರಿತು. ಕೈ ಎಳೀಬ್ಯಾಡ ಎಂದ ಚಿಕ್ಕಮಾರಯ್ಯ. ಎಳೆಯಲಿಲ್ಲ. ಮಣಿಕಟ್ಟು ತಣ್ಣಗಾಯಿತು. ಆಮೇಲೆ ತಣ್ಣಗೂ ಇಲ್ಲ, ಬಿಸಿಯೂ ಇಲ್ಲ. ಒಳಗೆ ನರಳಾಟ ನಿಂತಿತು. "ನೀರು ಕೊಡವ್ವ," ಎಂದ ಆಂಜಿನಪ್ಪ.

ಅವನು ಮತ್ತೆ ಸೈಕಲ್ಲೇರಿದ. ಗಿಡ ಮತ್ತೆ ಹಳದಿಯಾಯಿತು. ಗಂಗರತ್ನಳ ಕೈಗಳು ಕೆಲಸ ಮಾಡುತ್ತಿದ್ದವು. ಮುಟ್ಟಿದ್ದು ಮಾತ್ರ ತಿಳಿಯುತ್ತಿರಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ ದಿನ, ಚರ್ಮ ಸುಟ್ಟ ವಾಸನೆ ಬಂದಮೇಲಷ್ಟೇ ಗೊತ್ತಾಯಿತು. ಅವಳು ಅಳಲಿಲ್ಲ. ಅಳು ಬರಲೂ ಇಲ್ಲ. ಬೈರಮ್ಮ ಬೆಣ್ಣೆ ಹಚ್ಚುತ್ತಿದ್ದರೆ ಬೇರೆಯವರ ಕೈಯೆಂಬಂತೆ ನೋಡುತ್ತ ಕುಳಿತಳು.

ಮರುವರ್ಷ ಹೆಣ್ಣುಮಗುವಾಯಿತು. ಸೂಲಗಿತ್ತಿ ಸೊಣ್ಣಮ್ಮ ಮಗುವನ್ನು ಒರೆಸಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ತಾಯಿಯ ಎರಡು ಕೈಗಳ ಮೇಲಿಟ್ಟಳು. ಗಂಗರತ್ನ ಮಗುವನ್ನು ನೋಡಿದಳು. ಆಮೇಲೆ ತನ್ನ ಕೈಗಳನ್ನು ನೋಡಿದಳು.

"ಸೊಣ್ಣಮ್ಮ, ಬೆಚ್ಚಗಿದ್ಯಾ ಮಗು?"

"ಬೆಚ್ಚಗೈತೆ ಕಣವ್ವ."

ಗಂಗರತ್ನ ಸರಿ ಎಂಬಂತೆ ತಲೆಯಾಡಿಸಿದಳು.