ಗೂಡಿನೊಳಗಿನ ಪೊರೆ

“ಮೋಸ! ಆ ಹುಡ್ಗ ಹೇಳಿದ್ದು ಸರಿಯಾಗೇ ಅದೆ!” ಮೇಘನಾ ಟೀವಿಯ ಮುಂದೆ ಎದ್ದು ನಿಂತು ಕೂಗಿದಳು.

“ರೇಷ್ಮೆ ಹುಳು ಎಷ್ಟು ಸಲ ಪೊರೆ ಬಿಡುತ್ತದೆ?” ಎಂದು ಟೀವಿ ಕ್ವಿಜ್‌ನಲ್ಲಿ ಕೇಳಿದ್ದರು. ಕನ್ನಡಕದ ಹುಡುಗನೊಬ್ಬ “ಐದು” ಎಂದ. ಪ್ರಶ್ನೆ ಕೇಳಿದವರು ನಗುತ್ತಲೇ “ನಾಲ್ಕು” ಎಂದುಬಿಟ್ಟರು. ಹುಡುಗ ಔಟ್.

“ಕೂತ್ಕೊ ಕಣಮ್ಮಿ, ನಂಗೆ ಕಾಣಕಿಲ್ಲ,” ಎಂದರು ಅಜ್ಜಿ ಗುರುಮಲ್ಲಮ್ಮ. “ನಾಲ್ಕೇ ಸರಿ. ನಾಲ್ಕು ಜ್ವರ, ಆಮೇಕೆ ಗೂಡು. ನಾನೇನು ನೆನ್ನೆಯಿಂದ ಹುಳ ಸಾಕ್ತಿದ್ದೀನಾ?”

ಹರದನಹಳ್ಳಿಯ ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಪೊರೆ ಬಿಡುವ ಮುಂಚೆ ಹುಳು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಸುಮ್ಮನೆ ಇದ್ದುಬಿಡುತ್ತದೆ. ಅದನ್ನೇ ಜ್ವರ ಎನ್ನುತ್ತಾರೆ. ಆಗ ಹಿಪ್ಪುನೇರಳೆ ಸೊಪ್ಪು ಹಾಕುವಂತಿಲ್ಲ. ಹಾಗಾಗಿ ಜ್ವರದ ಲೆಕ್ಕ ಮನೆಮಂದಿಗೆಲ್ಲ ಬಾಯಿಪಾಠ.

“ಗೂಡೊಳಗೂ ಒಂದು ಪೊರೆ ನೋಡಿದ್ದೀನಿ,” ಎನ್ನುತ್ತ ಮೇಘನಾ ಮೂಲೆಯ ಗೂಡಿನ ರಾಶಿಯ ಕಡೆ ಹೋದಳು.

“ಒಳ್ಳೆ ಗೂಡು ಮುಟ್ಬೇಡ,” ಎಂದರು ಅಪ್ಪ ಚಂದ್ರಕುಮಾರ್.

ಅವಳು ಕಲೆಯಾದ ಒಂದು ಗೂಡನ್ನು ಆರಿಸಿ, ಕತ್ತರಿಯಿಂದ ಮೆಲ್ಲಗೆ ಬಿಡಿಸಿದಳು. ಒಳಗೆ ಕಂದು ಬಣ್ಣದ ಕೋಶ ಮಿಸುಕಾಡುತ್ತಿತ್ತು. ಅದರ ಬಾಲದ ಹತ್ತಿರ ಮುದುಡಿದ ಒಣ ಸಿಪ್ಪೆಯಂಥದ್ದು ಅಂಟಿಕೊಂಡಿತ್ತು.

“ಇದೂ ಪೊರೆನೇ ಅಲ್ವಾ ಅಜ್ಜಿ? ಐದನೇದು!”

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. “ಪೊರೆನೇ. ಆದ್ರೆ ಜ್ವರ ಅಲ್ಲ. ಗೂಡೊಳಗೆ ಅದು ಏನಾರ ಮಾಡ್ಕಳ್ಳಿ. ನಾವೇನು ಸೊಪ್ಪು ಹಾಕ್ಬೇಕಾ?”

“ನಾವು ಸೊಪ್ಪು ಹಾಕ್ದೆ ಇದ್ರೆ ಅದು ಲೆಕ್ಕಕ್ಕಿಲ್ವಾ?”

ಅಜ್ಜಿ ರಿಮೋಟ್ ಎತ್ತಿಕೊಂಡರು. ಟೀವಿಯ ಸೌಂಡು ಜಾಸ್ತಿ ಮಾಡಿದರು. ಮೇಘನಾ ಆ ಸಿಪ್ಪೆಯನ್ನು ಹತ್ತಿಯಲ್ಲಿಟ್ಟು ಒಂದು ಡಬ್ಬಿಗೆ ಹಾಕಿಕೊಂಡಳು. ಫ್ರೆಂಡ್ಸ್‌ಗಾದರೂ ತೋರಿಸಬೇಕು ಎಂದುಕೊಂಡಳು.

ಮರುದಿನ ಶಾಲೆಯಲ್ಲಿ ಬೇರೆಯದೇ ಗಡಿಬಿಡಿ. ಗುಂಡ್ಲುಪೇಟೆಯಲ್ಲಿ ನಡೆಯುವ ಕ್ವಿಜ್‌ಗೆ ಕ್ಲಾಸಿನಿಂದ ಒಬ್ಬರು ಮಾತ್ರ ಹೋಗಬೇಕು. ಮೇಘನಾಗೂ ಭವ್ಯಳಿಗೂ ಮಾರ್ಕ್ಸ್ ಸಮ. ಮೇಘನಾ ವಾರದಿಂದ ಇದಕ್ಕೇ ಓದಿದ್ದಳು.

“ಕೊನೇ ಪ್ರಶ್ನೆ,” ಎಂದರು ರಘುನಾಥ ಸರ್. “ಇಬ್ಬರೂ ಸ್ಲೇಟಲ್ಲಿ ಬರೀರಿ. ರೇಷ್ಮೆ ಹುಳು ಎಷ್ಟು ಸಲ ಪೊರೆ ಬಿಡುತ್ತೆ?”

ಸರ್ ಕೂಡ ಆ ಕ್ವಿಜ್ ನೋಡಿದ್ದಾರೆ! ಮೇಘನಾ ಬಳಪ ಎತ್ತಿಕೊಂಡಳು. ಸರ್‌ಗೆ ಬೇಕಾದ ಉತ್ತರ ಅವಳಿಗೆ ಗೊತ್ತು. ನಾಲ್ಕು ಎಂದು ಬರೆದರೆ ಸೋಲುವ ಭಯವಿಲ್ಲ. ಬಳಪ ಸ್ಲೇಟಿನ ಮೇಲೆ ಒಂದು ಕ್ಷಣ ನಿಂತಿತು.

ಭವ್ಯ ಸ್ಲೇಟು ಎತ್ತಿದಳು: 4.

ಮೇಘನಾ ಎತ್ತಿದಳು: 5.

“ಅಯ್ಯೋ, ನಿನ್ನೆ ಟೀವಿ ನೋಡ್ಲಿಲ್ವೇನಮ್ಮ?” ಎಂದರು ಸರ್.

“ನೋಡ್ದೆ ಸರ್. ನಾಲ್ಕಕ್ಕೇ ನೀವು ರೈಟ್ ಹಾಕೋದು ಅಂತಾನೂ ಗೊತ್ತಿತ್ತು. ಆದ್ರೂ ಐದು.”

“ಟೀವಿಯವ್ರಿಗೇ ಪಾಠ ಹೇಳ್ತಾಳೆ ಕಣ್ಲಾ!” ಹಿಂದಿನ ಸಾಲಿನಿಂದ ಕಿರಣ್ ಕುಮಾರ್ ಕಿಚಾಯಿಸಿದ. ಕ್ಲಾಸೆಲ್ಲ ಗೊಳ್ಳೆಂದಿತು.

ಮೇಘನಾಳ ಕಿವಿ ಬಿಸಿಯಾಯಿತು. ಆದರೂ ಡಬ್ಬಿ ಹಿಡಿದು ನೇರ ಸರ್ ಟೇಬಲ್ಲಿಗೆ ಹೋದಳು. “ಇದು ಗೂಡೊಳಗೆ ಸಿಕ್ಕಿದ್ದು. ಇದು ಪೊರೆ ಅಲ್ಲ ಅಂದ್ರೆ ಏನು ಅಂತ ನೀವೇ ಹೇಳಿ ಸರ್.”

ಸರ್ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದರು. ಭವ್ಯ ಓಡಿ ಬಂದಳು.

“ಸರ್, ಗೂಡೊಳಗೆ ಇರೋದು ಕೋಶ. ಹುಳು ಅಲ್ಲ!”

“ಪೊರೆ ಬಿಟ್ಟ ಮೇಲೆ ಕೋಶ. ಬಿಡೋ ತನಕ ಅದು ಹುಳುನೇ,” ಎಂದಳು ಮೇಘನಾ.

“ನಮ್ಮನೇಲೂ ಹುಳ ಸಾಕ್ತೀವಿ. ಎಲ್ರೂ ನಾಲ್ಕೇ ಅನ್ನೋದು!”

“ಅದು ಸೊಪ್ಪು ತಿನ್ನೋ ತನಕದ ಲೆಕ್ಕ!”

ಸರ್ ಕೈ ಎತ್ತಿದರು. “ಇರಿ ಇರಿ. ಕೋಶದಿಂದ ಚಿಟ್ಟೆ ಬರುವಾಗ ಇನ್ನೊಂದು ಪೊರೆ ಕಳಚುತ್ತೆ. ಅದನ್ನೂ ಸೇರಿಸಿದರೆ ಆರು. ಎಲ್ಲೀವರೆಗೆ ಎಣಿಸಬೇಕು ಅಂತ ನಾನು ಹೇಳಲೇ ಇಲ್ಲ. ಟೀವಿಯವರೂ ಹೇಳಲಿಲ್ಲ. ಈ ಪ್ರಶ್ನೆ ಕ್ಯಾನ್ಸಲ್.”

“ಯಾಕೆ ಸರ್ ಕ್ಯಾನ್ಸಲ್? ನಂದು ಸರಿ ಇದೆ!”

“ಭವ್ಯಂದು ತಪ್ಪು ಅಂತ ತೋರಿಸ್ತೀಯಾ?”

ಮೇಘನಾ ಭವ್ಯಳ ಸ್ಲೇಟಿನ ಕಡೆ ನೋಡಿದಳು. ಯೋಚಿಸಿದಳು. ಸಿಪ್ಪೆಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

“ಬೇರೆ ಪ್ರಶ್ನೆ,” ಎಂದರು ಸರ್. “ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಎಷ್ಟು ಕಿಲೋಮೀಟರ್?”

“ಯಾವ ರೋಡಲ್ಲಿ ಸರ್?” ಭವ್ಯ ತಟ್ಟನೆ ಕೇಳಿದಳು. “ಎಲ್ಲಿಂದ ಎಲ್ಲೀ ತನಕ?”

ಈ ಸಲ ಸರ್ ಕೂಡ ನಕ್ಕುಬಿಟ್ಟರು. ಮೇಘನಾಗೂ ನಗು ತಡೆಯಲಾಗಲಿಲ್ಲ. ಸರ್ ಹಣೆ ಉಜ್ಜಿಕೊಂಡು, ಒಂದೊಂದು ಪದವನ್ನೂ ತೂಗಿ ಕೇಳಿದರು: “ದೊಡ್ಡ ಮನುಷ್ಯರ ದೇಹದಲ್ಲಿ, ಒಂದೇ ಒಂದು ಮೂಳೆ, ಎಲ್ಲಕ್ಕಿಂತ ಉದ್ದದ್ದು, ಎಲ್ಲಿದೆ?”

ಭವ್ಯ ಬರೆದಳು: ತೊಡೆ. ಮೇಘನಾ ಬರೆದಳು: ಬೆನ್ನು.

“ತೊಡೆ ಸರಿ,” ಎಂದರು ಸರ್.

ಕ್ಲಾಸಿಗೆ ಕ್ಲಾಸೇ ಮೇಘನಾಳ ಕಡೆ ತಿರುಗಿತು. ಅವಳು ಬೆನ್ನಿಗೆ ಕೈ ಹಾಕಿ ಸವರಿಕೊಂಡಳು. ಬೆರಳಿಗೆ ಒಂದರ ಕೆಳಗೊಂದು ಗಂಟು ಸಿಕ್ಕಿತು. ಒಂದೇ ಮೂಳೆಯಲ್ಲ, ಸಾಲು ಮೂಳೆಗಳು. ಸರ್ ಕೇಳಿದ್ದನ್ನು ಮನಸ್ಸಿನಲ್ಲೇ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಎಲ್ಲೂ ಸಂದು ಸಿಗಲಿಲ್ಲ. ಗುಂಡ್ಲುಪೇಟೆ ಕೈತಪ್ಪಿತು.

“ಯಾಕಮ್ಮಿ, ಜಗಳ ಆಡಕಿಲ್ವಾ?” ಕಿರಣ್ ಕೇಳಿದ.

ಮೇಘನಾ ತಲೆ ತಗ್ಗಿಸಲಿಲ್ಲ.

“ಈ ಪ್ರಶ್ನೆ ಸರಿಯಾಗೇ ಅದೆ ಕಣೋ. ನನ್ ಉತ್ತರ ತಪ್ಪು,” ಎಂದಳು, ಇಡೀ ಕ್ಲಾಸಿಗೆ ಕೇಳುವ ಹಾಗೆ.