ಗುಟ್ಟಿನ ಭಾಷೆಯ ಚೌಕಾಸಿ

"ಈ ಸಲ ಬಾಯಿ ಬಿಟ್ರೆ ನೋಡು!" ಎಂದಳು ಅಮ್ಮ.

ಸಂಹಿತಾ ತಕ್ಷಣ ತುಟಿಗಳೆರಡನ್ನೂ ಒಳಗೆ ಮಡಚಿಕೊಂಡಳು. ಚೆನ್ನೈಯ ಪೆರಂಬೂರಿನ ಓಣಿಯಲ್ಲಿ ಆಟೋ ಎದ್ದು ಬಿದ್ದು ಓಡುತ್ತಿತ್ತು. ವೇಲಚೇರಿಯ ಮನೆಯಿಂದ ಹೊರಟು, ಎರಡು ರೈಲು ಹತ್ತಿಳಿದು, ಈ ಆಟೋ ಹಿಡಿಯುವಷ್ಟರಲ್ಲಿ ಅಮ್ಮ ಇದೇ ಮಾತನ್ನು ಮೂರು ಸಲ ಹೇಳಿದ್ದಳು.

ಹೇಳುವುದಕ್ಕೆ ಕಾರಣವೂ ಇತ್ತು. ಹೋದ ಭಾನುವಾರ ಇಬ್ಬರೂ ಹಳೇ ಮೆಷಿನ್ ಮಾರುವ ಒಂದು ಗೋಡೌನಿಗೆ ಹೋಗಿದ್ದರು. ಅಲ್ಲಿ ಮರ ಕೊಯ್ಯುವ ಹಸಿರು ಬಣ್ಣದ ಮೆಷಿನ್ ಕಂಡದ್ದೇ ತಡ, ಸಂಹಿತಾ "ಅಮ್ಮಾ, ಇದೇ! ಸೂಪರಾಗಿದೆ! ಇದೇ ಬೇಕು!" ಎಂದು ಎಲ್ಲರಿಗೂ ಕೇಳುವ ಹಾಗೆ ತಮಿಳಿನಲ್ಲಿ ಕೂಗಿಬಿಟ್ಟಿದ್ದಳು. ಅಂಗಡಿಯವನು ಮೀಸೆಯಲ್ಲೇ ನಕ್ಕಿದ್ದ. ಆಮೇಲೆ ಅಮ್ಮ ಎಷ್ಟು ಕೇಳಿದರೂ ಅವನು ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ಇಬ್ಬರೂ ಬರಿಗೈಯಲ್ಲಿ ವಾಪಸ್ ಬಂದಿದ್ದರು.

ಸಂಹಿತಾಳ ಅಮ್ಮ ವೃಂದಾ ನರ್ಸರಿ ಸ್ಕೂಲಿನಲ್ಲಿ ಟೀಚರ್. ಮನೆಯಲ್ಲಿ ಬಿಡುವಾದಾಗ ಮರದ ಪಜಲ್ ಮಾಡುತ್ತಾಳೆ. ಆನೆ, ಆಮೆ, ನವಿಲು. ಒಂದೊಂದರಲ್ಲೂ ಐದಾರು ತುಂಡು. ಎಲ್ಲವನ್ನೂ ಕೈಗರಗಸದಲ್ಲೇ ಕೊಯ್ಯಬೇಕು. ಈಗ ಇನ್ನೊಂದು ಸ್ಕೂಲಿನವರು ನವರಾತ್ರಿಯೊಳಗೆ ಅರವತ್ತು ಬೇಕು ಅಂದಿದ್ದರು. ಹನ್ನೊಂದು ಮುಗಿಯುವಷ್ಟರಲ್ಲಿ ಅಮ್ಮನ ಮಣಿಕಟ್ಟು ಊದಿಕೊಂಡಿತ್ತು. ದೋಸೆ ಮಗುಚುವುದಕ್ಕೂ ಎಡಗೈಯೇ ಬೇಕಾಯಿತು.

ಅದಕ್ಕೇ ಅಮ್ಮನಿಗೆ ಒಂದು ಬ್ಯಾಂಡ್ ಸಾ ಬೇಕಿತ್ತು. ಅದರಲ್ಲಿ ಮೇಲೊಂದು ಚಕ್ರ, ಕೆಳಗೊಂದು ಚಕ್ರ. ಎರಡನ್ನೂ ಬಳಸಿಕೊಂಡು ಉಡುದಾರದ ಹಾಗೆ ಸುತ್ತುವ ಹಲ್ಲಿನ ಬ್ಲೇಡು. ಹೊಸದು ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಹಳೆಯದು ಒಳ್ಳೆಯದಾಗಿದ್ದರೆ ಸಾಕು. ಪೆರಂಬೂರಿನಲ್ಲಿ ಅಂಥದ್ದೊಂದು ಮಾರಾಟಕ್ಕಿದೆ ಎಂದು ಗೊತ್ತಾಗಿ, ಫೋನ್ ಮಾಡಿ ಇವತ್ತು ಹೊರಟಿದ್ದರು.

"ಮಾತಾಡಲೇಬೇಕು ಅನ್ಸಿದ್ರೆ?" ಎಂದು ಕೇಳಿದಳು ಸಂಹಿತಾ.

ಅಮ್ಮ ಸ್ವಲ್ಪ ಯೋಚಿಸಿದಳು. "ಕನ್ನಡದಲ್ಲಿ ಹೇಳು. ಮೆಲ್ಲಗೆ. ಮಾರೋರಿಗೆ ಗೊತ್ತಾಗಲ್ಲ. ಆದ್ರೆ ನಡುವೆ ತಮಿಳು, ಇಂಗ್ಲಿಷ್ ಸೇರಿಸಬೇಡ."

ಸಂಹಿತಾಳಿಗೆ ಖುಷಿಯಾಯಿತು. ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಕೇಳಿದರೆ ಅವಳು ಸಾಮಾನ್ಯವಾಗಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಿದ್ದಳು. ಇವತ್ತು ಅದೇ ಕನ್ನಡ ಗುಟ್ಟಿನ ಭಾಷೆಯಾಗಿತ್ತು.

"ಆದ್ರೆ ನಂಬರ್ಸ್?" ಎಂದಳು. "ನಮ್ಮ ಮೂವತ್ತು, ತಮಿಳಿನ ಮುಪ್ಪದು. ಆಲ್ಮೋಸ್ಟ್ ಸೇಮ್! ಕಂಡುಹಿಡಿದುಬಿಡ್ತಾರೆ."

"ಅದೂ ಹೌದು," ಎಂದಳು ಅಮ್ಮ. "ಹಾಗಾದ್ರೆ ಮೂವತ್ತಕ್ಕೆ 'ತಿಂಗಳು' ಅನ್ನೋಣ. ತಿಂಗಳಿಗೆ ಮೂವತ್ತು ದಿನ. ಅಷ್ಟು ಸಾವಿರದ ತನಕ ಕೊಡಬಹುದು. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ."

ಆಟೋ ಒಂದು ಶೀಟಿನ ಶೆಡ್ಡಿನ ಮುಂದೆ ನಿಂತಿತು.

ಶೆಡ್ಡಿನ ತುಂಬ ಮರದ ಪುಡಿಯ ವಾಸನೆ. ಗೋಡೆಗೆ ಒರಗಿಸಿದ ಗೊಂಬೆ ಕೂರಿಸುವ ಮೆಟ್ಟಿಲುಗಳು, ಉಯ್ಯಾಲೆಯ ಹಲಗೆಗಳು. ಒಳಗಿಂದ ಐವತ್ತು ವರ್ಷದ ಒಬ್ಬ ಹೆಂಗಸು ಬಂದರು. ತುರುಬಿಗೆ ಹೂವಿನ ಬದಲು ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರು. ಫೋನಿನಲ್ಲಿ ಮಾತಾಡಿದ್ದ ಸುಮತಿ ಅವರೇ. ಈ ಕಾರ್ಖಾನೆ ಅವರದು.

"ವಾಂಗಮ್ಮಾ," ಎಂದು ಕರೆದು, ಮುಂದಿನದನ್ನೂ ತಮಿಳಿನಲ್ಲೇ ಹೇಳಿದರು. "ಅದೋ ನೋಡಿ, ಮೆಷಿನ್ ಅಲ್ಲಿದೆ. ನಾನು ದೊಡ್ಡದು ತಗೊಂಡೆ, ಅದಕ್ಕೇ ಇದನ್ನ ಕೊಡ್ತಿದೀನಿ. ಮೂವತ್ತೈದು ಸಾವಿರ. ಟೆಸ್ಟ್ ಮಾಡ್ಕೊಳ್ಳಿ."

ಇಷ್ಟು ಹೇಳುವಾಗಲೂ ಅವರ ಮುಖದಲ್ಲಿ ಒಂದು ಚೂರು ನಗು ಇರಲಿಲ್ಲ.

"ಅಮ್ಮಾ," ಎಂದು ಸಂಹಿತಾ ಕನ್ನಡದಲ್ಲಿ ಪಿಸುಗುಟ್ಟಿದಳು. "ಇವರಿಗೆ ನಗೋಕೇ ಬರಲ್ವೇನೋ."

"ಶ್!" ಎಂದಳು ಅಮ್ಮ. ಆದರೆ ಅವಳ ತುಟಿಯೂ ಅಲುಗಿತು.

ಮೆಷಿನ್ ಬೂದು ಬಣ್ಣದ್ದು. ಸಂಹಿತಾಳಿಗಿಂತ ಎತ್ತರವಿತ್ತು. ಅಲ್ಲಲ್ಲಿ ಬಣ್ಣ ಕಿತ್ತಿದ್ದರೂ ಎಲ್ಲೂ ತುಕ್ಕು ಇರಲಿಲ್ಲ. ಮರ ಇಡುವ ಕಬ್ಬಿಣದ ಮೇಜು ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಅಮ್ಮ ಅದರ ಮೇಲೆ ಕೈಯಾಡಿಸಿದಳು. ಸ್ಕೇಲ್ ಇಟ್ಟು, ಕಣ್ಣು ಕಿರಿದು ಮಾಡಿ ನೋಡಿದಳು.

"ಚೆನ್ನಾಗಿದೆ," ಎಂದಳು ಕನ್ನಡದಲ್ಲಿ. "ತುಂಬಾನೇ ಚೆನ್ನಾಗಿ ಇಟ್ಕೊಂಡಿದಾರೆ. ಮುಖದಲ್ಲಿ ಮಾತ್ರ ತೋರಿಸಬೇಡ."

ಸಂಹಿತಾ ಹಲ್ಲುನೋವು ಬಂದವರ ಹಾಗೆ ಮುಖ ಮಾಡಿಕೊಂಡಳು.

ಅಮ್ಮ ಸುಮತಿ ಅವರ ಕಡೆ ತಿರುಗಿ ತಮಿಳಿನಲ್ಲಿ, "ಮೂವತ್ತೈದು ತುಂಬಾ ಜಾಸ್ತಿ ಆಯ್ತು. ನಾನು ಅಂಗಡಿಯವಳಲ್ಲ, ಮಕ್ಕಳ ಪಜಲ್ ಮಾಡೋಳು," ಎಂದಳು.

"ಮೊದಲು ಓಡಿಸಿ ನೋಡಿ. ಆಮೇಲೆ ಮಾತಾಡೋಣ," ಎಂದು ಅವರು ಸ್ವಿಚ್ ಒತ್ತಿದರು.

ಝುಂಯ್ ಎಂದು ಬ್ಲೇಡು ತಿರುಗತೊಡಗಿತು. ಅಮ್ಮ ಒಂದು ಹಲಗೆ ಇಟ್ಟು ನಿಧಾನವಾಗಿ ಮುಂದಕ್ಕೆ ತಳ್ಳಿದಳು. ಬೆಣ್ಣೆ ಕೊಯ್ದ ಹಾಗೆ ಹಲಗೆ ಎರಡಾಯಿತು. ಊದಿದ ಮಣಿಕಟ್ಟಿಗೆ ಏನೂ ಕಷ್ಟವಾಗಲಿಲ್ಲ. ಅಮ್ಮನ ಕಣ್ಣು ಅರಳಿದವು. ಮುಖದಲ್ಲಿ ತೋರಿಸಬಾರದು ಎನ್ನುವುದನ್ನು ಈಗ ಅಮ್ಮನೇ ಮರೆತಿದ್ದಳು.

"ತಿಂಗಳು ಪೂರ್ತಿ ಕೊಟ್ಟರೂ ನಷ್ಟ ಇಲ್ಲ ಕಣೇ," ಎಂದಳು ಕನ್ನಡದಲ್ಲಿ.

ಸಂಹಿತಾ ಮಾತ್ರ ಬೇರೇನನ್ನೋ ಕೇಳಿಸಿಕೊಳ್ಳುತ್ತಿದ್ದಳು. ಅವಳು ಎರಡು ವರ್ಷದಿಂದ ಮೃದಂಗ ಕಲಿಯುತ್ತಿದ್ದಳು. ಯಾವ ಶಬ್ದ ಕೇಳಿದರೂ ಅವಳ ಬೆರಳುಗಳು ತಾವಾಗಿ ತಾಳ ಹಾಕುತ್ತಿದ್ದವು. ಈಗಲೂ ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದವು. ಝುಂಯ್ ಶಬ್ದದ ಕೆಳಗೆ, ಸಮಕ್ಕೆ ಸರಿಯಾಗಿ, ಸಣ್ಣದೊಂದು ಟಿಕ್.

ಟಿಕ್... ಟಿಕ್... ಟಿಕ್.

"ಅಮ್ಮಾ, ಒಳಗೆ ಏನೋ ಬಡೀತಿದೆ," ಎಂದಳು ಕನ್ನಡದಲ್ಲೇ. "ಚಕ್ರ ಒಂದು ಸುತ್ತು ಬಂದಾಗೆಲ್ಲ ಟಿಕ್ ಅಂತಿದೆ. ಕೆಳಗಡೆ."

ಅಮ್ಮ ತಲೆ ಓರೆ ಮಾಡಿ ಕೇಳಿದಳು. "ನಂಗೇನೂ ಕೇಳಿಸ್ತಿಲ್ಲವಲ್ಲೇ."

ಅಷ್ಟರಲ್ಲಿ ಸುಮತಿ ಥಟ್ಟನೆ ಮೆಷಿನ್ ನಿಲ್ಲಿಸಿದರು. ಯಾರೂ ಅವರಿಗೆ ಏನೂ ಹೇಳಿರಲಿಲ್ಲ. ಪ್ಲಗ್ ಕಿತ್ತು, ಕೆಳಗಿನ ಮುಚ್ಚಳ ತೆಗೆದು, ಮೊಣಕಾಲೂರಿ ಕುಳಿತರು. ಫೋನಿನ ಲೈಟ್ ಹಾಕಿ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರು. ಅರ್ಧ ಸುತ್ತಾದ ಮೇಲೆ ಅವರ ಕೈ ನಿಂತಿತು.

"ಇಲ್ಲಿ ನೋಡಿ," ಎಂದರು ತಮಿಳಿನಲ್ಲೇ.

ಚಕ್ರದ ಅಂಚಿಗೆ ಸುತ್ತಿದ್ದ ಕಪ್ಪು ರಬ್ಬರಿನ ಪಟ್ಟಿ ಒಂದು ಕಡೆ ಹರಿದು ಎದ್ದಿತ್ತು. ಉಗುರಿನಷ್ಟೇ ಜಾಗ. ಬ್ಲೇಡು ಅದರ ಮೇಲೆ ಹಾದಾಗಲೆಲ್ಲ ಎಗರುತ್ತಿತ್ತು.

"ಇದು ನನಗೆ ಗೊತ್ತಿರಲಿಲ್ಲ," ಎಂದರು ಸುಮತಿ. "ಪಕ್ಕದಲ್ಲಿ ಇನ್ನೊಂದು ಮೆಷಿನ್ ಓಡ್ತಾನೇ ಇರುತ್ತೆ. ಆ ಗಲಾಟೆಯಲ್ಲಿ ಯಾರಿಗೆ ಕೇಳುತ್ತೆ? ಹೀಗೇ ಬಿಟ್ಟಿದ್ರೆ ಒಂದಿನ ಬ್ಲೇಡ್ ಕಿತ್ಕೊಂಡು ಬರ್ತಿತ್ತು."

ಅಮ್ಮ ಬಗ್ಗಿ ಹರಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಸಂಹಿತಾಳಿಗೆ ಮಾತ್ರ ರೆಕ್ಕೆ ಬಂದ ಹಾಗಾಯಿತು. ಹೋದ ವಾರ ಕೆಡಿಸಿದ್ದನ್ನು ಈ ವಾರ ಸರಿ ಮಾಡಿಬಿಟ್ಟಿದ್ದಳಲ್ಲ! ಅಮ್ಮನ ಚೂಡಿದಾರ್ ಎಳೆದಳು.

"ಅಮ್ಮಾ, ಚಾನ್ಸ್! ಈಗ ಚೆನ್ನಾಗಿ ಇಳಿಸು. ನನ್ನ ರೋಲ್ ನಂಬರಿಗೆ ಕೇಳು. ಕೊಟ್ಟೇ ಕೊಡ್ತಾರೆ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಎರಡು ಇಂಗ್ಲಿಷ್ ಮಾತು ನುಸುಳಿಬಿಟ್ಟಿದ್ದವು. ಆದರೂ ಪರವಾಗಿಲ್ಲ, ಅವಳ ರೋಲ್ ನಂಬರ್ ಎಷ್ಟೆಂದು ಇವರಿಗೆ ಹೇಗೆ ಗೊತ್ತಾಗಬೇಕು?

ಅಮ್ಮ ಹರಿದ ರಬ್ಬರನ್ನೇ ನೋಡುತ್ತ ನಿಂತಿದ್ದಳು. ಎಷ್ಟು ಕೇಳಬೇಕು ಎಂದು ಅವಳಿಗೂ ತಿಳಿಯಲಿಲ್ಲ.

ಸುಮತಿ ಎದ್ದು, ಸೀರೆಗೆ ಅಂಟಿದ ಮರದ ಪುಡಿ ಕೊಡವಿಕೊಂಡರು. ತುರುಬಿನಿಂದ ಪೆನ್ಸಿಲ್ ತೆಗೆದು ಒಂದು ಹಲಗೆಯ ಚೂರಿನ ಮೇಲೆ ಏನೋ ಗೀಚಿದರು. ಆಮೇಲೆ ಅಮ್ಮನ ಮುಖ ನೋಡಿ ಹೇಳಿದರು:

"ತಿಂಗಳು ತುಂಬೋದು ಬೇಡಮ್ಮಾ. ಇಪ್ಪತ್ತೈದನೇ ತಾರೀಕಿಗೇ ನಿಲ್ಲಿಸೋಣ."

ಕನ್ನಡದಲ್ಲಿ!

ಸಂಹಿತಾಳ ಕಿವಿ ಬಿಸಿಯಾದವು. ತಾನು ಇಷ್ಟು ಹೊತ್ತು ಆಡಿದ್ದೆಲ್ಲ ಸಾಲಾಗಿ ನೆನಪಿಗೆ ಬಂತು. ನಗೋಕೇ ಬರಲ್ವೇನೋ. ಚೆನ್ನಾಗಿ ಇಳಿಸು. ಅಯ್ಯೋ! ಅವಳು ಮೆಲ್ಲಗೆ ಅಮ್ಮನ ಹಿಂದೆ ಸರಿದಳು.

"ನಿಮಗೆ... ಕನ್ನಡ ಬರುತ್ತಾ?" ಎಂದಳು ಅಮ್ಮ. ಅವಳ ಮುಖವೂ ಕೆಂಪಾಗಿತ್ತು.

"ಬೆಂಗಳೂರಲ್ಲಿ ನಮ್ಮಪ್ಪಂದು ಮರದ ಅಂಗಡಿ ಇತ್ತು. ಐದನೇ ಕ್ಲಾಸ್ ತನಕ ಅಲ್ಲೇ ಓದಿದ್ದು ನಾನು," ಎಂದರು ಸುಮತಿ. "ಯಾರೂ ಮಾತಾಡಿಸಲ್ಲ, ಅದಕ್ಕೇ ನಾಲಿಗೆ ತಿರುಗಲ್ಲ. ಕಿವಿಗೆ ಮಾತ್ರ ಎಲ್ಲಾ ಗೊತ್ತು." ಆಮೇಲೆ ಅಮ್ಮನ ಹಿಂದೆ ಬಗ್ಗಿ ನೋಡಿದರು. "ಪಾಪಾ, ನಿನ್ನ ರೋಲ್ ನಂಬರ್ ಎಷ್ಟು?"

"ಹ... ಹದಿನೆಂಟು."

"ಹದಿನೆಂಟಾ! ಅಟೆಂಡೆನ್ಸಿಗೆ ಸರಿ ಪಾಪಾ. ವ್ಯಾಪಾರಕ್ಕೆ ಆಗಲ್ಲ!"

ಇಷ್ಟು ಹೇಳಿ ಅವರು ನಕ್ಕರು. ಶೆಡ್ಡಿನ ಶೀಟು ಹಾರಿಹೋಗುವ ಹಾಗೆ ನಕ್ಕರು. ಅಮ್ಮನೂ ನಕ್ಕಳು. ಕೊನೆಗೆ ಸಂಹಿತಾಳಿಗೂ ನಗು ತಡೆಯಲಾಗಲಿಲ್ಲ.

"ಆದ್ರೂ," ಎಂದಳು ಅಮ್ಮ ಸ್ವಲ್ಪ ಸಂಕೋಚದಿಂದ, "ನಾನು ಮೂವತ್ತಕ್ಕೂ ರೆಡಿ ಇದ್ದೆ ಅಂತ ನಿಮಗೆ ಕೇಳಿಸಿತ್ತಲ್ಲ?"

"ಕೇಳಿಸ್ತು. ತಿಂಗಳಿಗೆ ಮೂವತ್ತು ದಿನ ಅಂತ ಯಾರಿಗೆ ಗೊತ್ತಿಲ್ಲ? ಅದು ನಿಮ್ಮ ಪರ್ಸಿನ ಲೆಕ್ಕ. ಇದು ಮೆಷಿನಿಂದು." ಸುಮತಿ ಹಲಗೆಯ ಚೂರನ್ನು ಮುಂದೆ ಹಿಡಿದರು. "ಮೂವತ್ತೈದು ಅಂದಿದ್ದು ಚೌಕಾಸಿಗೆ. ರಬ್ಬರ್ ಸರಿ ಇದ್ದಿದ್ರೆ ಮೂವತ್ತಕ್ಕಿಂತ ಒಂದು ರೂಪಾಯಿ ಕಮ್ಮಿ ಮಾಡ್ತಿರಲಿಲ್ಲ. ಎರಡು ಚಕ್ರಕ್ಕೂ ಹೊಸ ರಬ್ಬರ್, ಹೊಸ ಬ್ಲೇಡ್, ಹಾಕೋ ಕೂಲಿ. ನೋಡಿ, ಐದು ಸಾವಿರ ಆಗುತ್ತೆ. ಅದನ್ನ ಕಳೆದೆ. ಅಷ್ಟೇ."

ಅಮ್ಮ ಚೂರಿನ ಮೇಲಿನ ಲೆಕ್ಕ ಓದಿ, "ಸರಿ," ಎಂದಳು. ಅಷ್ಟರಲ್ಲೇ ವ್ಯಾಪಾರ ಮುಗಿಯಿತು. ಸಂಹಿತಾಳಿಗೆ ಆಶ್ಚರ್ಯ. ಚೌಕಾಸಿ ಅಂದರೆ ಇನ್ನೂ ದೊಡ್ಡ ಜಗಳ ಇರುತ್ತದೆ ಎಂದುಕೊಂಡಿದ್ದಳು ಅವಳು.

ಹೊರಡುವ ಮೊದಲು ಸುಮತಿ ಅಮ್ಮನಿಗೆ ಬ್ಲೇಡ್ ಬಿಗಿ ಮಾಡುವುದನ್ನು ತೋರಿಸಿಕೊಟ್ಟರು. ಮರವನ್ನು ಕೈಯಿಂದ ತಳ್ಳಬಾರದು ಎಂದು ಒಂದು ತಳ್ಳುಕೋಲನ್ನೂ ಕೊಟ್ಟರು. "ನಿಮ್ಮ ಪಜಲ್ ಹೇಗಿರುತ್ತೆ, ತೋರಿಸಿ," ಎಂದರು.

ಅಮ್ಮ ಬ್ಯಾಗಿನಿಂದ ಆನೆಯ ಪಜಲ್ ತೆಗೆದಳು. ಸುಮತಿ ಅದನ್ನು ಬಿಡಿಸಿ, ಒಂದೊಂದು ತುಂಡಿನ ಅಂಚನ್ನೂ ಹೆಬ್ಬೆರಳಿನಿಂದ ಸವರಿದರು. ವಾಪಸ್ ಜೋಡಿಸಲು ಹೋದರೆ ಸೊಂಡಿಲು ಕೂರಲಿಲ್ಲ. ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು.

"ಮೊದಲು ಕಿವಿ ಹಾಕಬೇಕು ಆಂಟಿ," ಎಂದಳು ಸಂಹಿತಾ.

"ಓಹೋ!" ಕಿವಿ ಹಾಕಿದ ಮೇಲೆ ಸೊಂಡಿಲು ಟಕ್ಕೆಂದು ಕೂತಿತು. "ಇದಕ್ಕೆ ಎಷ್ಟು ತಗೋತೀರಿ?"

"ಇನ್ನೂರು," ಎಂದಳು ಅಮ್ಮ.

ಸುಮತಿ ಹುಬ್ಬು ಗಂಟಿಕ್ಕಿದರು. "ಇಷ್ಟು ನುಣ್ಣಗೆ ಉಜ್ಜೋಕೆ ಎಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತು. ಇನ್ನೂರಕ್ಕೆ ಕೊಡಬೇಡಿ. ಮುನ್ನೂರು ಹೇಳಿ, ಧೈರ್ಯವಾಗಿ ಹೇಳಿ. ಇದು ನನ್ನ ಮೊಮ್ಮಗನಿಗೆ ಇರಲಿ."

"ಅಯ್ಯೋ, ದುಡ್ಡು ಬೇಡ, ಹಾಗೇ ಇಟ್ಕೊಳ್ಳಿ," ಎಂದಳು ಅಮ್ಮ.

"ನಾನೇನು ಮೆಷಿನ್ ಹಾಗೇ ಕೊಟ್ನಾ?" ಎಂದು ಸುಮತಿ ಮೂರು ನೋಟುಗಳನ್ನು ಅಮ್ಮನ ಕೈಗೆ ತುರುಕಿದರು.

ಅಮ್ಮ ನೋಟುಗಳನ್ನು ಮಡಚಿ ಪರ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡಳು. ಪಜಲ್ ಚೆನ್ನಾಗಿದೆ ಎಂದು ತುಂಬ ಜನ ಹೇಳಿದ್ದರು. ಆದರೆ ಬೆಲೆ ಕಮ್ಮಿಯಾಯಿತು ಎಂದವರು ಯಾರೂ ಇರಲಿಲ್ಲ.

ಆಮೇಲೆ ಸಾಮಾನು ಸಾಗಿಸುವ ಪುಟ್ಟ ಲಾರಿ ಬಂತು. ಚೆನ್ನೈಯಲ್ಲಿ ಎಲ್ಲರೂ ಅದನ್ನು ಕುಟ್ಟಿ ಯಾನೈ, ಅಂದರೆ ಮರಿ ಆನೆ, ಎನ್ನುತ್ತಾರೆ. ನಾಲ್ಕು ಜನ ಸೇರಿ ಮೆಷಿನ್ ಹತ್ತಿಸಿದರು. ಕಂಬಳಿ ಸುತ್ತಿ ಹಗ್ಗ ಕಟ್ಟಿದರು. ಸುಮತಿ ಗಂಟನ್ನು ಎರಡು ಸಲ ಎಳೆದು ನೋಡಿದರು.

"ಮಳೆ ಬಂದ್ರೆ ವೇಲಚೇರೀಲಿ ನೀರು ನುಗ್ಗುತ್ತಲ್ಲ," ಎಂದರು. "ಎತ್ತರದಲ್ಲಿ ಇಡಿ. ಮೋಟರಿಗೆ ನೀರು ತಾಕಬಾರದು."

"ಇಟ್ಟಿಗೆ ಕಟ್ಟೆ ಕಟ್ಟಿಸಿದೀವಿ," ಎಂದಳು ಅಮ್ಮ.

"ಆಂಟಿ," ಎಂದಳು ಸಂಹಿತಾ. ಹೇಗೆ ಹೇಳುವುದೆಂದು ತಿಳಿಯದೆ ತಡವರಿಸಿದಳು. "ನಾನು ಆಗ... ನಗೋಕೆ ಬರಲ್ಲ ಅಂದೆನಲ್ಲ. ಸಾರಿ."

"ವ್ಯಾಪಾರದಲ್ಲಿ ಮುಖದಲ್ಲಿ ತೋರಿಸಬಾರದು ಪಾಪಾ," ಎಂದು ಸುಮತಿ ಕಣ್ಣು ಮಿಟುಕಿಸಿದರು.

ಲಾರಿ ಹೊರಟಿತು. ಡ್ರೈವರ್ ಸೂರಜ್ ಪಕ್ಕದಲ್ಲಿ ಸಂಹಿತಾ, ಅವಳ ಪಕ್ಕದಲ್ಲಿ ಅಮ್ಮ. ರೈಲ್ವೆ ವರ್ಕ್‌ಶಾಪಿನ ಉದ್ದನೆಯ ಗೋಡೆ ಹಿಂದಕ್ಕೆ ಓಡುತ್ತಿತ್ತು. ಅಮ್ಮ ಕಿಟಕಿಯ ಹೊರಗೆ ನೋಡುತ್ತ, ಏನೋ ಹಾಡನ್ನು ಗುನುಗುತ್ತಿದ್ದಳು. ಅಮ್ಮ ಗುನುಗುವುದನ್ನು ಕೇಳಿ ಎಷ್ಟೋ ದಿನವಾಗಿತ್ತು.

ಸಿಗ್ನಲ್ಲಿನಲ್ಲಿ ಲಾರಿ ನಿಂತಾಗ ಸೂರಜ್ ಕನ್ನಡಿಯಲ್ಲಿ ಮೆಷಿನ್ ನೋಡಿ, "ಒಳ್ಳೇ ಮಾಲು!" ಎಂದ ತಮಿಳಿನಲ್ಲಿ. "ಏನಮ್ಮಾ, ಕಮ್ಮಿಗೆ ಹೊಡೆದ್ರಾ?"

ಸಂಹಿತಾ 'ಹೂಂ' ಎನ್ನಲು ಬಾಯಿ ತೆರೆದಳು. ಹತ್ತು ಸಾವಿರ ಇಳಿದಿತ್ತಲ್ಲ! ಆದರೆ ಯಾಕೋ ಆ ಮಾತು ಹೊರಗೆ ಬರಲಿಲ್ಲ. ಪೆನ್ಸಿಲ್ ಹಿಡಿದು ಹಲಗೆಯ ಮೇಲೆ ಕೂಡಿ ಕಳೆಯುತ್ತಿದ್ದ ಆ ಕೈ ಕಣ್ಣ ಮುಂದೆ ಬಂತು.

"ಕಮ್ಮಿಗೇನಲ್ಲ ಅಣ್ಣಾ," ಎಂದಳು. "ಅದರ ಬೆಲೆ ಎಷ್ಟೋ ಅಷ್ಟಕ್ಕೇ."

ಸೂರಜ್‌ಗೆ ಅರ್ಥವಾದ ಹಾಗೆ ಕಾಣಲಿಲ್ಲ. ಸಿಗ್ನಲ್ ಹಸಿರಾಯಿತು, ಅವನು ಗೇರ್ ಹಾಕಿದ. ಅಮ್ಮ ಮಾತ್ರ ಗುನುಗುವುದನ್ನು ನಿಲ್ಲಿಸಿ, ಮಗಳ ಕಡೆ ತಿರುಗಿ ನೋಡಿದಳು. ಅವಳ ಹೆಗಲ ಮೇಲೆ ಕೈ ಹಾಕಿಕೊಂಡಳು. ಮರಿ ಆನೆ ಮೆಷಿನನ್ನು ಹೊತ್ತುಕೊಂಡು ಸೇತುವೆ ಹತ್ತತೊಡಗಿತು.