ಕಿರುಬೆರಳಿನ ಕೆಂಪು

ಗಾದಿ ಅಂಗಡಿಯ ಹಿಂದಿನ ಖೋಲಿಯಿಂದ ಡೆಟಾಲ್ ವಾಸನೆ ಬರುತ್ತಿತ್ತು. ಅಮೀರಾಳ ಎದೆ ಧಸಕ್ಕೆಂದಿತು.

"ಖಾಲಾ, ಯಾರಿಗೆ ಏನಾತ್ರಿ? ಅಝೀಮ ಅವ್ರೇನು ಗಾಯ ಮಾಡ್ಕೊಂಡಾರೇನು?"

ಬಾಗಿಲಲ್ಲಿ ಕೂತು ಗಾದಿ ಹೊಲಿಯುತ್ತಿದ್ದ ಫಕೀರಬಿ ನಕ್ಕಳು. "ನನ್ನ ಮಗಗ ಏನ ಧಾಡಿ! ಮುಂಜಾನಿಂದ ಆ ಗೊಂಬಿ ಮುಂದ ಕುಂತಾನ. ಹೋಗವ್ವಾ ಒಳಗ. ಐತವಾರ ನಿಮ್ಮ ಮನಿಗೆ ಹೆಣ್ಣ ಕೇಳಾಕ ಬರೂದೈತಿ, ನೆನಪೈತಿಲ್ಲ?"

ನೆನಪಿಲ್ಲದೆ ಏನು! ಅದನ್ನೇ ನೆನೆದು ನೆನೆದು ಹುಡುಗಿಗೆ ಊಟ ಸೇರುತ್ತಿರಲಿಲ್ಲ. ಲಕ್ಷ್ಮೇಶ್ವರದ ಮದುಮಗಳೊಬ್ಬಳಿಗೆ ಮೆಹೆಂದಿ ಹಾಕಲು ಬೆಟಗೇರಿಯಿಂದ ಬಂದವಳು, ಕೆಲಸ ಮುಗಿದದ್ದೇ ತಡ, ಇತ್ತ ಓಡಿ ಬಂದಿದ್ದಳು.

ಅವರಿಬ್ಬರ ಕಥೆ ಶುರುವಾದದ್ದೂ ಮೆಹೆಂದಿಯಿಂದಲೇ. ಶಿರಹಟ್ಟಿಯ ಒಂದು ಮದುವೆಯಲ್ಲಿ ಅಮೀರಾ ಯಾರದೋ ಅಂಗೈ ಮೇಲೆ ನವಿಲು ಬಿಡಿಸುತ್ತಿದ್ದಳು. ತಾಟು ಕೈಯಲ್ಲಿ ಹಿಡಿದ ಅಝೀಮ ಉಣ್ಣುವುದು ಬಿಟ್ಟು ನೋಡುತ್ತ ನಿಂತಿದ್ದ.

"ಅಷ್ಟು ಸಣ್ಣ ಕಣ್ಣು ಹೆಂಗ ತೆಗೀತೀರಿ?"

"ಉಸಿರು ಹಿಡ್ಕೊಂಡು."

"ಹಂಗಾರ ನನ್ನ ಸೈನಿಕರ ಸಲುವಾಗಿನೂ ಒಂದೀಟು ಉಸಿರು ಹಿಡೀರಲ್ಲ."

ಇವನಿಗೆಲ್ಲೋ ತಲೆ ಕೆಟ್ಟಿದೆ ಎಂದುಕೊಂಡಳು ಅಮೀರಾ. ಮರುವಾರ ಆಸಾಮಿ ಚಪ್ಪಲಿ ಡಬ್ಬಿ ಹಿಡಿದುಕೊಂಡು ಬೆಟಗೇರಿಗೆ ಬಂದೇ ಬಿಟ್ಟ. ಒಳಗೆ ಹೆಬ್ಬೆರಳಿನಷ್ಟು ಎತ್ತರದ ಕುದುರೆ ಸವಾರರು, ಚಾಲುಕ್ಯರ ಕಾಲದವರಂತೆ. ತನ್ನ ಖೋಲಿಯ ತ್ರೀಡಿ ಪ್ರಿಂಟರಿನಲ್ಲಿ ತಾನೇ ತೆಗೆದವು. ಗೆಳೆಯರ ಜೊತೆ ಮೇಜಿನ ಮೇಲೆ ಇವನ್ನು ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಆಡುವುದು ಅವನ ಹುಚ್ಚು. ಮುಂಡರಗಿಯ ಗೆಳೆಯನಿಗಾಗಿ ಬೇರೆ ಗ್ರಹದಲ್ಲಿ ಕಾದಾಡುವ ಉಕ್ಕಿನ ಅಂಗಿಯವರೂ ಇದ್ದರು.

"ಇವನ ಮಾರಿ ತುಂಬ ಬರೇ ಗಾಜು ಐತಿ. ಕಣ್ಣು ಎಲ್ಲೆ ತೆಗೀಲಿ?" ಎಂದು ಆ ಉಕ್ಕಿನ ಅಂಗಿಯವರಲ್ಲಿ ಒಬ್ಬನನ್ನು ಎತ್ತಿ ಹಿಡಿದು ಕೇಳಿದಳು ಅಮೀರಾ.

"ಆ ಗಾಜಿನ್ಯಾಗ ನಿಮ್ಮ ನೆರಳು ತೆಗೀರಿ. ಅಂವಾ ಸತ್ರೂ ನಿಮ್ಮನ್ನ ನೋಡ್ಕೋತನ ಸಾಯಲಿ."

ಹೀಗೆ ಮಾತಾಡುವವನ ಮುಂದೆ ಯಾವ ಹುಡುಗಿ ಗಟ್ಟಿಯಾಗಿ ಕೂತಾಳು ಹೇಳಿ! ನಾಲ್ಕೆಳೆ ಕೂದಲಿನ ಕುಂಚ ಹಿಡಿದು ಅವಳು ಸವಾರರಿಗೆ ಹುಬ್ಬು ತಿದ್ದಿದಳು, ಕುದುರೆಗಳಿಗೆ ಗೆಜ್ಜೆ ಕಟ್ಟಿದಳು. ಡಬ್ಬಿ ಕೊಡುವ ನೆಪ, ಒಯ್ಯುವ ನೆಪ. ನೀವು ಎನ್ನುತ್ತಿದ್ದವನು ನೀನು ಎನ್ನತೊಡಗಿದ. ಕೊನೆಗೊಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿಯೇ ಬಿಟ್ಟ: "ನನ್ನ ಮದುವಿ ಆಗ್ತೀಯೇನು?"

"ಬಾಯಿಲೆ ಹೇಳಂಗಿಲ್ಲ. ಕುಂಚದಿಂದ ಹೇಳ್ತೀನಿ. ಹುಡುಕ್ಕೋರಿ."

ಅಷ್ಟೂ ಸವಾರರ ಸರದಾರನಿಗೆ ಅವಳು ಅಝೀಮನ ಮುಖವನ್ನೇ ಕೊಟ್ಟಳು, ಸೀಳಿದ ಎಡಹುಬ್ಬಿನ ಸಮೇತ. ಲಗಾಮು ಹಿಡಿದ ಕೈಯ ಕಿರುಬೆರಳಿಗೆ ಕೆಂಪು ಇಟ್ಟಳು. ಅವರ ಮಂದಿಯಲ್ಲಿ ಮದುಮಗನ ಕಿರುಬೆರಳಿಗೆ ಮೆಹೆಂದಿ ಹಚ್ಚುತ್ತಾರೆ. ಹ್ಞೂಂ ಅನ್ನಲು ಇದಕ್ಕಿಂತ ಚೆಂದದ ದಾರಿ ಎಲ್ಲಿ ಸಿಕ್ಕೀತು!

ಆದರೆ ಫೋನಿನಲ್ಲಿ ಅವನದು ಒಂದೇ ರಾಗ: "ಇನ್ನೂ ಸಿಕ್ಕಿಲ್ಲ ನೋಡು." ಎಂಥ ಕುರುಡ ಸಿಕ್ಕನಪ್ಪಾ ಎಂದು ಬೈದು, ಇವತ್ತು ತಾನೇ ತೋರಿಸಬೇಕೆಂದು ಬಂದಿದ್ದಳು.

ಒಳಗೆ ಹೋದವಳು ಹೊಸ್ತಿಲಲ್ಲೇ ನಿಂತಳು. ಬೋಗುಣಿಯಲ್ಲಿ ಹಾಲಿನಂಥ ಡೆಟಾಲ್ ನೀರು. ಅದರೊಳಗೆ ಅವಳ ಕುದುರೆಗಳು, ಅವಳ ಸವಾರರು. ಅಝೀಮ ಹಳೇ ಟೂತ್‌ಬ್ರಶ್ಶಿನಿಂದ ಒಬ್ಬೊಬ್ಬರನ್ನೇ ತಿಕ್ಕುತ್ತಿದ್ದ. ಡೆಟಾಲಿಗೆ ಮೆತ್ತಗಾದ ಬಣ್ಣ ಸಿಪ್ಪೆಯಂತೆ ಬಿಟ್ಟು ಬರುತ್ತಿತ್ತು. ಅವಳನ್ನು ನೋಡಿ ಬ್ರಶ್ಶನ್ನು ಬೆನ್ನ ಹಿಂದೆ ಮುಚ್ಚಿಟ್ಟ.

"ಅಮೀರಾ, ಒಂದೀಟು ಕೇಳು. ಹುಬ್ಬಳ್ಳ್ಯಾಗ ಈ ಆಟದ ಸ್ಪರ್ಧಾ ಐತಿ. ಆಡಾವನ ಕೈಯಿಂದನ ಬಣ್ಣ ಹಚ್ಚಿರಬೇಕಂತ. ನಾನ ಹಚ್ಚೀನಿ ಅಂತ ಹೇಳಿ ಬಿಡು ಅಂದ್ರು ಗೆಳ್ಯಾರು. ನನ್ನ ಬಾಯಾಗ ಸುಳ್ಳು ಬರಲಿಲ್ಲ. ಅದಕ್ಕ ಎಲ್ಲಾ ತೆಗದು ನಾನ ಹಚ್ಚಾಕ ಹತ್ತೀನಿ."

ಅಷ್ಟು ದಿನದ ಕೆಲಸ! ಆದರೂ ಅವನ ಮುಖ ನೋಡಿ ಸಿಟ್ಟು ಅರ್ಧ ಇಳಿಯಿತು. ಕದ್ದ ಹೆಸರು ಬೇಡ ಅಂದನಲ್ಲ, ಒಳ್ಳೆಯವನೇ. ಮತ್ತೆ ಹಚ್ಚಿದರಾಯಿತು. ಸರದಾರನನ್ನು ಇವನು ನೋಡಿಯೇ ಇಲ್ಲವಲ್ಲ, ಪಾಪ. ಇಲ್ಲ ಅಂದುಬಿಡು ದೊರೆ ಎಂದು ಮನಸ್ಸಿನಲ್ಲೇ ಬೇಡಿಕೊಂಡು ಕೇಳಿದಳು.

"ಸರದಾರನ್ನ ನೋಡಿದ್ರೇನು?"

ಅಝೀಮ ತಲೆ ತಗ್ಗಿಸಿದ.

"ನೋಡಿದ್ದೆ."

"ಯಾವಾಗ?"

"ಡಬ್ಬಿ ತೆಗದ ದಿನಾನ. ಬೆರಳೂ ನೋಡಿದೆ. ಹುಚ್ಚ ಹಿಡದಂಗ ಖುಷಿ ಆಗಿತ್ತು."

"ಮತ್ತ ಸಿಕ್ಕಿಲ್ಲ ಅಂದ್ರಿ?"

"ಅವತ್ತ ಹುಬ್ಬಳ್ಳಿ ಖಬರ ಬಂತು. ಸರದಾರ ಇಲ್ಲದ ದಂಡು ತಗೊಳ್ಳಂಗಿಲ್ಲ. ನಾ ಸಿಕ್ಕೈತಿ ಅಂದಿದ್ರ, ಸರದಾರನ್ನ ಹಂಗ ಜ್ವಾಪಾನ ಇಡ್ರಿ ಅಂತಿದ್ದಿ. ಅದಕ್ಕ..." ಅವನು ಒಂದು ಹೆಜ್ಜೆ ಮುಂದೆ ಬಂದ. "ಬಣ್ಣ ಹೋದ್ರ ಏನಾತು, ನಿನ್ನ ಉತ್ತರ ನನಗ ತಿಳೀತಲ್ಲ!"

ಅಮೀರಾ ಬೋಗುಣಿಯಲ್ಲಿ ಕೈ ಹಾಕಿ ಹುಡುಕಿದಳು. ಸರದಾರ ಸಿಕ್ಕ. ಹುಬ್ಬಿಲ್ಲ, ಕಣ್ಣಿಲ್ಲ, ಬೋಳು ಬೂದಿ ಬಣ್ಣ.

"ಹುಬ್ಬಳ್ಳಿಯವ್ರ ಮುಂದ ಸುಳ್ಳ ಹೇಳಬಾರದಂತ ನನಗ ದಿನಾ ಸುಳ್ಳ ಹೇಳಿದ್ರಿ. ಕುರುಡಂತ ನಾ ಬೈದಾಗ ನಕ್ಕೂ ನಕ್ರಿ."

"ತಪ್ಪಾತು. ಮತ್ತೊಮ್ಮೆ ಬರಿ ಅಮೀರಾ. ಎದಿ ಮ್ಯಾಲೆ ಇಟ್ಕೋತೀನಿ."

ಮುಂದಿದ್ದ ಮುಖ ಈಗಲೂ ಅವಳಿಗೆ ಪ್ರೀತಿಯದೇ. ಅದೇ ತಡೆಯಲಾರದ ಸಂಕಟ. ನೋಡಿಲ್ಲವೆಂದಿದ್ದರೆ ನೂರು ಸಲ ಬರೆದುಕೊಡುತ್ತಿದ್ದಳು.

"ನನ್ನ ಕೈಲಾಗಂಗಿಲ್ರಿ" ಎಂದು ಸರದಾರನನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು.

ಫಕೀರಬಿ ದಾರ ಕಡಿಯುತ್ತ ತಲೆ ಎತ್ತಿದಳು. "ಇಷ್ಟ ಜಲ್ದಿ ಹೊಂಟ್ಯಾ? ಚಾ ಕುಡದು ಹೋಗ. ಐತವಾರ ನಾವು ಬಂದಾಗ ನಾಚ್ಕೊಂಡು ಒಳಗ ಕುಂಡ್ರಬ್ಯಾಡ ಮತ್ತ."

ಅಮೀರಾ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ಒರಟು ಕೈ ಹಿಡಿದುಕೊಂಡಳು.

"ಬರಬ್ಯಾಡ್ರಿ ಖಾಲಾ."

"ಯಾಕವ್ವಾ? ನನ್ನ ಮಗಾ ನಿನಗ ಬ್ಯಾಡೇನು?"

"ನಾ ಹ್ಞೂಂ ಅಂದಿದ್ದೆರಿ. ಅವ್ರು ಅದನ್ನ ನೋಡಿದ್ರು. ನೋಡಿ ತೊಳದ ಬಿಟ್ರು."